ಮಾತನಾಡುವ ಕಲ್ಲುಶಿಲುಬೆ

(ಪವಿತ್ರ ಶಿಲುಬೆಯ ವಿಜಯೋತ್ಸವದ ದಿನವಾದ ಸೆಪ್ಟೆಂಬರ್ 14ರಂದು, ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ಇಂದಿನ ಉಪನ್ಯಾಸಕ್ಕೆ ‘ಶಿಲುಬೆಯ ಮಹಿಮೆ’ ಎಂಬ ವಿಷಯವನ್ನು ಗೊತ್ತುಮಾಡಿ ನನಗೆ ಚೀಟಿ ಕಳುಹಿಸಿದರು. ಆ ವಿಷಯವನ್ನು ಕುರಿತು ನಾನು ಈ ಪೀಠದಿಂದ ಪ್ರತಿವರ್ಷ ಶುಭಶುಕ್ರವಾರದಂದು ಮಾತನಾಡಿದ್ದೇನೆ. ನೀವೂ ಪ್ರತಿವರ್ಷ ತಾಳ್ಮೆಯಿಂದ ಕೇಳಿದ್ದೀರಿ. ಆದ್ದರಿಂದ ಸಮಿತಿಯವರ ಅಪ್ಪಣೆ ಪಡೆದು, ಇಂದು ಶಿಲುಬೆಯ ದೈವಶಾಸ್ತ್ರವನ್ನು ಬದಿಗಿರಿಸಿ, ಒಂದೇ ಒಂದು ಶಿಲುಬೆಯ ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ. ಅದು ಕಲ್ಲಿನ ಶಿಲುಬೆ. ನಮ್ಮಿಂದ ಬಹುದೂರದ ಸ್ಕಾಟ್ಲೆಂಡ್ ದೇಶದ ದಕ್ಷಿಣ ಅಂಚಿನಲ್ಲಿರುವ ರತ್‌ವೆಲ್ ಎಂಬ ಪುಟ್ಟ ಹಳ್ಳಿಯದು. ಅಷ್ಟು ದೂರದ ಕಲ್ಲಿಗೂ ನಮ್ಮ ಊರಿಗೂ ಏನು ಸಂಬಂಧವೆಂದು ಕೇಳುವವರಿಗೆ ಕೊನೆಯಲ್ಲಿ ಉತ್ತರ ಕೊಡುತ್ತೇನೆ. ನಮ್ಮ ಅಂಗಳದ ಹುಣಸೆಮರದ ಕೆಳಗೆ ನಿಂತಿರುವ ಕಲ್ಲನ್ನು ನೀವು ಮನಸ್ಸಿನಲ್ಲಿಟ್ಟುಕೊಂಡು ಕೇಳಿದರೆ ಸಾಕು.

ಶಾಲೆಯಲ್ಲಿ ಬಿ.ಎಂ.ಶ್ರೀ. ಅವರ ‘ಕಾರಿಹೆಗ್ಗಡೆಯ ಮಗಳು’ ಓದಿದ ಹಿರಿಯರು ಇಲ್ಲಿ ಹಲವರಿದ್ದೀರಿ. ಆ ಕಥನಗೀತದ ಮೂಲಕಥೆ ಸ್ಕಾಟ್ಲೆಂಡಿನದೇ. ಆದರೆ ಆ ಗೀತದ ಬಿರುಗಾಳಿಯಾಗಲಿ ಉಕ್ಕುವ ಕಡಲಾಗಲಿ ನಾನು ಹೋದ ದಿನ ರತ್‌ವೆಲ್‌ನಲ್ಲಿರಲಿಲ್ಲ. ಹಲವು ವರ್ಷಗಳ ಹಿಂದೆ, ಆ ದೇಶದ ಕ್ಯಾಥೊಲಿಕ್ ಗುರುವೊಬ್ಬರು ರಜೆಯ ಮೇಲೆ ಹೋಗಿದ್ದಾಗ, ಅವರಿಗೆ ಬದಲಾಗಿ ಒಂದು ತಿಂಗಳು ಬಲಿಪೂಜೆ ಅರ್ಪಿಸಲು ನಾನು ಹೋಗಿದ್ದೆ. ಗುರುಮಠದಲ್ಲಿ ನಮಗೆ ಧರ್ಮಸಭೆಯ ಚರಿತ್ರೆ ಬೋಧಿಸುತ್ತಿದ್ದ ವೃದ್ಧ ಗುರುಗಳು ಈ ಶಿಲುಬೆಯ ಮಾಸಲು ಚಿತ್ರವೊಂದನ್ನು ತಮ್ಮ ಪುಸ್ತಕದೊಳಗೆ ಇಟ್ಟುಕೊಂಡಿದ್ದರು. ಆ ಚಿತ್ರದ ನೆನಪು ನನ್ನನ್ನು ಅಲ್ಲಿಗೆ ಕರೆದೊಯ್ದಿತು. ಡಂಫ್ರೀಸ್ ಮತ್ತು ಆನನ್ ಎಂಬ ಎರಡು ಪಟ್ಟಣಗಳ ನಡುವೆ, ಸಾಲ್ವೇ ಎಂಬ ಕಡಲ ಚಾಚಿಗೆ ಸಮೀಪದಲ್ಲಿ, ಹಸಿರು ಹುಲ್ಲುಗಾವಲುಗಳ ಮಧ್ಯೆ ಒಂದು ಸಣ್ಣ ದೇವಾಲಯ. ಅದು ನಮ್ಮ ಕ್ಯಾಥೊಲಿಕರದಲ್ಲ, ಸ್ಕಾಟ್ಲೆಂಡಿನ ಪ್ರಾಟೆಸ್ಟಂಟ್ ಸಭೆಯವರು ಕಟ್ಟಿದ್ದು. ಒಳಗೆ ಕಾಲಿಟ್ಟವನು ಹಾಗೆಯೇ ನಿಂತುಬಿಟ್ಟೆ.

ಶಿಲುಬೆಯ ಎತ್ತರ ಸುಮಾರು 18 ಅಡಿ. ದೇವಾಲಯದ ಒಳಗೆ ಅದಕ್ಕೆ ಜಾಗ ಸಾಲದೆ, ಅದಕ್ಕಾಗಿಯೇ ಗೋಡೆಯಿಂದ ಹೊರಚಾಚಿದ ಅರ್ಧವೃತ್ತಾಕಾರದ ಗರ್ಭವನ್ನು ಕಟ್ಟಿ, ನೆಲವನ್ನು ತಗ್ಗಿಸಿ, ಆ ಗುಣಿಯೊಳಗಿಂದ ಅದನ್ನು ಎತ್ತಿ ನಿಲ್ಲಿಸಿದ್ದಾರೆ. ಮಣ್ಣಿನಿಂದ ಮರ ಮೇಲೆದ್ದಂತೆ ಕಾಣುತ್ತದೆ. ಅದು ಮರಳುಗಲ್ಲು, ನಮ್ಮ ಕರಿಕಲ್ಲಿನ ಗಟ್ಟಿತನ ಅದಕ್ಕಿಲ್ಲ, ಆದರೆ ಉಳಿಯ ಏಟಿಗೆ ಬೇಗ ಬಗ್ಗುವ ಕಲ್ಲು. ಕ್ರಿಸ್ತಶಕ ಎಂಟನೆಯ ಶತಮಾನದಲ್ಲಿ ಇದನ್ನು ಕೆತ್ತಿದರೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ನಮ್ಮ ನಾಡಿನ ಲೆಕ್ಕದಲ್ಲಿ ಹೇಳಬೇಕಾದರೆ, ಚಾಲುಕ್ಯರ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಇಂದು ವಿರೂಪಾಕ್ಷ ದೇವಾಲಯವೆಂದು ಕರೆಯುವ ಗುಡಿಯನ್ನು ಕಟ್ಟಿಸಿದ ಶತಮಾನ. ಆಗ ರತ್‌ವೆಲ್ ಇದ್ದ ಸೀಮೆ ನಾರ್ತಂಬ್ರಿಯ ಎಂಬ ಆಂಗ್ಲೋ-ಸ್ಯಾಕ್ಸನ್ ರಾಜ್ಯಕ್ಕೆ ಸೇರಿತ್ತು. ಆ ಜನ ಕ್ರೈಸ್ತಧರ್ಮವನ್ನು ಸ್ವೀಕರಿಸಿ ಆಗಿನ್ನೂ ನಾಲ್ಕಾರು ತಲೆಮಾರುಗಳಷ್ಟೇ ಕಳೆದಿದ್ದವು.

ಓದುಬರಹ ಬಾರದ ಜನರಿಗೆ ಆ ಕಲ್ಲೇ ಜ್ಞಾನೋಪದೇಶ ಪುಸ್ತಕ. ಅಗಲವಾದ ಎರಡು ಮುಖಗಳಲ್ಲಿ ಒಂದರ ಕೆಳಗೊಂದು ಚೌಕಗಳಿವೆ. ಪ್ರತಿಯೊಂದು ಚೌಕದಲ್ಲಿಯೂ ಒಂದು ಪವಿತ್ರ ದೃಶ್ಯ. ಸುತ್ತಲೂ ಲತೀನ್ ಭಾಷೆಯ ಬರಹ. ಒಂದು ಮುಖದಲ್ಲಿ ಯೇಸುಸ್ವಾಮಿಯವರು ಎರಡು ಮೃಗಗಳ ಮೇಲೆ ನಿಂತಿದ್ದಾರೆ. ಆ ಮೃಗಗಳು ತುಳಿತಕ್ಕೆ ಸಿಕ್ಕು ನರಳುತ್ತಿಲ್ಲ. ಮುಂಗಾಲುಗಳನ್ನು ಒಂದರ ಮೇಲೊಂದು ಅಡ್ಡವಾಗಿಟ್ಟು ವಂದಿಸುತ್ತಿವೆ. ಮರುಭೂಮಿಯಲ್ಲಿ ಮೃಗಗಳು ಲೋಕರಕ್ಷಕರನ್ನು ಗುರುತಿಸಿದವೆಂಬುದು ಅಲ್ಲಿನ ಬರಹದ ತಾತ್ಪರ್ಯ. ಅದರ ಕೆಳಗೆ ಇಬ್ಬರು ವೃದ್ಧರು ಎದುರುಬದುರಾಗಿ ನಿಂತು ಒಂದು ರೊಟ್ಟಿಯನ್ನು ಹಿಡಿದಿದ್ದಾರೆ. ಅವರು ಈಜಿಪ್ಟಿನ ವನವಾಸಿಗಳಾದ ಸಂತ ಪೌಲರು ಮತ್ತು ಸಂತ ಅಂತೋಣಿಯವರು. (ನಾವು ಮಂಗಳವಾರ ನೊವೇನ ಸಲ್ಲಿಸುವ ಪಾದುವಾದ ಅಂತೋಣಿಯವರಲ್ಲ, ಅವರಿಗಿಂತ ಒಂಬೈನೂರು ವರ್ಷ ಹಿರಿಯರು.) ಸಂತ ಜೆರೋಮರು ಈ ಕಥೆಯನ್ನು ಬರೆದಿದ್ದಾರೆ. ಪೌಲರಿಗೆ ಕಾಗೆಯೊಂದು ದಿನವೂ ಅರ್ಧ ರೊಟ್ಟಿಯನ್ನು ತಂದುಕೊಡುತ್ತಿತ್ತಂತೆ; ಅಂತೋಣಿಯವರು ಅತಿಥಿಯಾಗಿ ಬಂದ ದಿನ ಪೂರ್ತಿ ರೊಟ್ಟಿಯನ್ನು ತಂದಿತು. ಯಾರು ಮುರಿಯಬೇಕು? ನೀವು ಅತಿಥಿಗಳು, ನೀವೇ ಮುರಿಯಿರಿ ಎಂದು ಒಬ್ಬರು; ನೀವು ಹಿರಿಯರು, ನೀವೇ ಮುರಿಯಿರಿ ಎಂದು ಇನ್ನೊಬ್ಬರು. ಸಂಜೆಯವರೆಗೂ ಈ ವಾದ ನಡೆದು, ಕಡೆಗೆ ಇಬ್ಬರೂ ಒಟ್ಟಿಗೆ ಹಿಡಿದು ಎಳೆದರು. ನಾನು ಅಲ್ಲಿ ನಿಂತು ನಮ್ಮ ಹಬ್ಬದ ಊಟದ ಪಂಕ್ತಿಗಳನ್ನು ನೆನೆದು ನಕ್ಕೆ. ಆದರೆ ಬಲಿಪೂಜೆಯಲ್ಲಿ ರೊಟ್ಟಿ ಮುರಿಯುವ ಕ್ಷಣವನ್ನು ಇಷ್ಟು ವಿನಯದಿಂದ ತೋರಿಸಿದ ಮತ್ತೊಂದು ಶಿಲ್ಪವನ್ನು ನಾನು ಕಂಡಿಲ್ಲ.

ಇನ್ನೊಂದು ಮುಖದಲ್ಲಿ ಯೇಸುಸ್ವಾಮಿಯ ಪಾದಗಳನ್ನು ಕಣ್ಣೀರಿನಿಂದ ತೊಳೆದು ಕೂದಲಿನಿಂದ ಒರಸುತ್ತಿರುವ ಪಾಪಿನಿ, ಹುಟ್ಟುಕುರುಡನಿಗೆ ದೃಷ್ಟಿದಾನ, ಅದರ ಕೆಳಗೆ ದೇವದೂತನು ಮಾತೆ ಮರಿಯಮ್ಮನವರಿಗೆ ಮಂಗಳವಾರ್ತೆ ಹೇಳುವ ದೃಶ್ಯ, ಎಲ್ಲಕ್ಕೂ ಕೆಳಗೆ, ಬಹಳ ಸವೆದುಹೋಗಿರುವ ಶಿಲುಬೆಮರಣ. ಮಂಗಳವಾರ್ತೆಯ ಕೆಳಗೇ ಶಿಲುಬೆಮರಣವನ್ನು ಏಕೆ ಇಟ್ಟರು? ಯೇಸುಸ್ವಾಮಿಯವರು ತಾಯಿಯ ಗರ್ಭದಲ್ಲಿ ಅವತರಿಸಿದ್ದೂ ಶಿಲುಬೆಯ ಮೇಲೆ ಪ್ರಾಣಬಿಟ್ಟಿದ್ದೂ ಮಾರ್ಚ್ 25ರಂದೇ ಎಂಬ ನಂಬಿಕೆ ಪುರಾತನ ಧರ್ಮಸಭೆಯಲ್ಲಿತ್ತು. ಕಲ್ಲುಕುಟಿಗರಿಗೆ ಚೌಕಗಳ ಕ್ರಮವನ್ನು ಹೇಳಿಕೊಟ್ಟ ಯಾವನೋ ಸನ್ಯಾಸಿಗೆ ಆ ದಿನದ ಪೂಜಾವಿಧಿ ಚೆನ್ನಾಗಿ ತಿಳಿದಿತ್ತು ಎಂದು ವಿದ್ವಾಂಸರು ಊಹಿಸುತ್ತಾರೆ. ನನಗೂ ಅದು ಸರಿಯೆಂದೇ ತೋರುತ್ತದೆ.

ಈ ಶಿಲುಬೆಗೆ ಲೋಕವಿಖ್ಯಾತಿ ಬಂದದ್ದು ಮಾತ್ರ ಈ ಮೂರ್ತಿಗಳಿಂದಲ್ಲ, ಕಿರಿದಾದ ಎರಡು ಪಕ್ಕಗಳಿಂದ. ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ದ್ರಾಕ್ಷಿಬಳ್ಳಿ ಹಬ್ಬಿದೆ. ಬಳ್ಳಿಯ ಸುರುಳಿಗಳಲ್ಲಿ ಹಕ್ಕಿಗಳೂ ಸಣ್ಣ ಪ್ರಾಣಿಗಳೂ ಕುಳಿತು ಹಣ್ಣು ತಿನ್ನುತ್ತಿವೆ. ಬಳ್ಳಿಯ ಅಂಚಿನುದ್ದಕ್ಕೂ ‘ರೂನ್’ ಎಂಬ ಹಳೆಯ ಲಿಪಿಯ ಅಕ್ಷರಗಳು. ಅದು ಲತೀನ್ ಭಾಷೆಯಲ್ಲ. ಆ ಜನರ ಮನೆಮಾತಾದ ಪ್ರಾಚೀನ ಇಂಗ್ಲಿಷ್. ಶತಮಾನಗಳ ಕಾಲ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಆ ಅಕ್ಷರಗಳು ಏನು ಹೇಳುತ್ತವೆ ಎಂಬುದನ್ನು ತಿಳಿಸುವ ಮೊದಲು ಆ ಕಲ್ಲಿಗೆ ಒದಗಿದ ವಿಪತ್ತನ್ನು ಹೇಳಬೇಕು.

ಹದಿನಾರನೆಯ ಶತಮಾನದಲ್ಲಿ ಸ್ಕಾಟ್ಲೆಂಡ್ ಪ್ರಾಟೆಸ್ಟಂಟ್ ಮತವನ್ನು ಅವಲಂಬಿಸಿತು. ಆದರೂ ಸುಮಾರು ಎಂಬತ್ತು ವರ್ಷಗಳ ಕಾಲ ರತ್‌ವೆಲ್ ಶಿಲುಬೆಯನ್ನು ಯಾರೂ ಮುಟ್ಟಲಿಲ್ಲ. 1640ರಲ್ಲಿ ಅಬರ್ಡೀನ್ ನಗರದಲ್ಲಿ ಸೇರಿದ ಆ ಸಭೆಯ ಮಹಾಧಿವೇಶನವು, ವಿಗ್ರಹಾರಾಧನೆಯ ಸ್ಮಾರಕಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲೆಲ್ಲ ಅವುಗಳನ್ನು ಕೆಡವಬೇಕೆಂದು ಆಜ್ಞೆ ಹೊರಡಿಸಿತು. 1642ರಲ್ಲಿ ಈ ಶಿಲುಬೆಯನ್ನು ಉರುಳಿಸಿ ಒಡೆದರು. ಕೆಲವು ಮೂರ್ತಿಗಳ ಮುಖಗಳನ್ನು ಕೆತ್ತಿ ಹಾಕಿದರು. ಆದರೆ ತುಂಡುಗಳನ್ನು ಪುಡಿಮಾಡಲಿಲ್ಲ. ದೊಡ್ಡ ತುಂಡುಗಳು ದೇವಾಲಯದ ನೆಲದ ಮೇಲೆಯೇ ಬಿದ್ದಿದ್ದವು. ಮುಂದೆ ಕಾರ್ಲೈಲ್‌ನ ಬಿಷಪರಾದ ವಿಲಿಯಂ ನಿಕಲ್ಸನ್ ಎಂಬ ವಿದ್ವಾಂಸರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಲ್ಲಿಗೆ ಹೋಗಿ, ತಮಗೆ ಅರ್ಥವಾಗದ ಆ ಅಕ್ಷರಗಳನ್ನು ಕಾಗದದ ಮೇಲೆ ಬರೆದುಕೊಂಡರು. 1772ರಲ್ಲಿ ಥಾಮಸ್ ಪೆನಂಟ್ ಎಂಬ ಪ್ರವಾಸಿ ನೋಡಿದಾಗಲೂ ತುಂಡುಗಳು ಒಳಗೇ ಇದ್ದವು. ಆಮೇಲೆ ದೇವಾಲಯವನ್ನು ರಿಪೇರಿ ಮಾಡಿದವರು ಅವನ್ನು ಹೊರಗೆ ಸ್ಮಶಾನದ ಅಂಗಳಕ್ಕೆ ಸಾಗಿಸಿದರು. ಮತದ ಉಗ್ರತೆಗೆ ತಡೆದುಕೊಂಡ ಕಲ್ಲು ರಿಪೇರಿಯ ಉತ್ಸಾಹಕ್ಕೆ ಸಿಕ್ಕು ಮಳೆಗಾಳಿಯ ಪಾಲಾಯಿತು.

1799ರಲ್ಲಿ ಆ ಊರಿಗೆ ಹೆನ್ರಿ ಡಂಕನ್ ಎಂಬ ಇಪ್ಪತ್ತೈದು ವರ್ಷದ ಬೋಧಕರು ಬಂದರು. ಇವರ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ಯೌವನದಲ್ಲಿ ಲಿವರ್‌ಪೂಲ್ ನಗರದ ಬ್ಯಾಂಕೊಂದರಲ್ಲಿ ಕೆಲಸಮಾಡಿ, ಅದನ್ನು ಬಿಟ್ಟು ದೇವರ ಸೇವೆಗೆ ಬಂದವರು. ಊರಿನ ಜನ ಬಡವರು. ಆ ಕಾಲದ ಬ್ಯಾಂಕುಗಳು ಹತ್ತು ಪೌಂಡಿಗಿಂತ ಕಡಿಮೆ ಹಣವನ್ನು ಠೇವಣಿಯಾಗಿ ಸ್ವೀಕರಿಸುತ್ತಿರಲಿಲ್ಲ. ಕೂಲಿಯವನಿಗೆ ಹತ್ತು ಪೌಂಡು ಎಲ್ಲಿಂದ ಬರಬೇಕು? 1810ರಲ್ಲಿ ಡಂಕನ್‌ರವರು ಹಳ್ಳಿಯ ಒಂದು ಗುಡಿಸಲಿನಲ್ಲಿ, ಆರು ಪೆನ್ನಿಗಳಿಂದ ಖಾತೆ ತೆರೆಯಬಹುದಾದ ಉಳಿತಾಯದ ಬ್ಯಾಂಕನ್ನು ಪ್ರಾರಂಭಿಸಿದರು. ತನ್ನದೇ ವ್ಯಾಪಾರದ ಬಲದಿಂದ ನಡೆಯುವ ಉಳಿತಾಯ ಬ್ಯಾಂಕುಗಳಲ್ಲಿ ಅದೇ ಮೊದಲನೆಯದೆಂದು ಹೆಸರಾಗಿ, ಆ ಪದ್ಧತಿ ದೇಶದೇಶಗಳಿಗೆ ಹಬ್ಬಿತು. ನಮ್ಮ ತಾಯಂದಿರ ಸ್ವಸಹಾಯ ಸಂಘದವರು ಶನಿವಾರ ಸಂಜೆ ಪುಸ್ತಕ ಹಿಡಿದು ಕೂರುವಾಗ ಈ ರತ್‌ವೆಲ್ ಬೋಧಕರನ್ನು ನೆನೆಯಬಹುದು. ಅಷ್ಟೇ ಅಲ್ಲ, ಕಲ್ಲುಗಣಿಯ ಬಂಡೆಯೊಂದರ ಮೇಲೆ ಮೂಡಿದ್ದ ಪುರಾತನ ಪ್ರಾಣಿಯ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ, 1828ರಲ್ಲಿ ವಿದ್ವಾಂಸರ ಸಭೆಗೆ ವರದಿಮಾಡಿದವರೂ ಇವರೇ. ಕಾಲಡಿಯ ಕಲ್ಲನ್ನು ಬಗ್ಗಿ ನೋಡುವ ಅಭ್ಯಾಸ ಅವರಿಗಿತ್ತು.

ಅಂತಹವರ ಕಣ್ಣಿಗೆ ಸ್ಮಶಾನದಲ್ಲಿ ಬಿದ್ದಿದ್ದ ಶಿಲುಬೆಯ ತುಂಡುಗಳು ಬೀಳದಿರಲು ಸಾಧ್ಯವೇ? 1802ರಲ್ಲಿ ಅವುಗಳನ್ನು ತಮ್ಮ ಮನೆಯ ತೋಟಕ್ಕೆ ಸಾಗಿಸಿದರು. ಕೆಲವು ತುಂಡುಗಳು ಸಿಗಲಿಲ್ಲ. ಒಂದು ತುಂಡು ಸಿಕ್ಕಿದ ಬಗೆಯನ್ನು ಅವರೇ ಬರೆದಿಟ್ಟಿದ್ದಾರೆ. ಊರಿನ ಬಡ ಗಂಡಹೆಂಡಿರಿಬ್ಬರು ಒಂದೆರಡು ದಿನಗಳ ಅಂತರದಲ್ಲಿ ತೀರಿಕೊಂಡರಂತೆ. ಇಬ್ಬರನ್ನೂ ಒಂದೇ ಗುಣಿಯಲ್ಲಿ ಮಣ್ಣುಮಾಡಬೇಕೆಂದು ತೀರ್ಮಾನವಾಯಿತು. ಆದ್ದರಿಂದ ಗುಣಿಯನ್ನು ವಾಡಿಕೆಗಿಂತ ಆಳವಾಗಿ ತೋಡಬೇಕಾಯಿತು. ತೋಡುವವನ ಗುದ್ದಲಿಗೆ ದೊಡ್ಡ ಕಲ್ಲೊಂದು ತಾಗಿತು. ಮೇಲೆತ್ತಿ ನೋಡಿದರೆ, ಎದೆಯ ಬಳಿ ಕುರಿಮರಿಯನ್ನು ಹಿಡಿದ ಪವಿತ್ರ ಮೂರ್ತಿಯ ಮೇಲ್ಭಾಗ! ಇದು ಸ್ನಾನಿಕ ಯೊವಾನ್ನರು ಎಂದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಹೇಳುತ್ತಾರೆ. ಡಂಕನ್‌ರವರು ಪಿತದೇವರೆಂದು ತಿಳಿದಿದ್ದರು. ಆ ಬಡ ದಂಪತಿಗಳ ಹೆಸರು ನನಗೆ ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ. ಆದರೂ ನಾನು ಸಕಲ ಮೃತರ ಸ್ಮರಣೆಯ ದಿನ ಅವರನ್ನು ಪೂಜೆಯಲ್ಲಿ ನೆನೆಯುತ್ತೇನೆ. ಅವರ ದೆಸೆಯಿಂದಲ್ಲವೇ ಆ ಕುರಿಮರಿ ಮತ್ತೆ ಬೆಳಕು ಕಂಡದ್ದು.

1823ರಲ್ಲಿ ತುಂಡುಗಳನ್ನೆಲ್ಲ ಜೋಡಿಸಿ ಶಿಲುಬೆಯನ್ನು ತೋಟದಲ್ಲಿ ನಿಲ್ಲಿಸಲಾಯಿತು. ಅಡ್ಡತೋಳುಗಳು ಎಲ್ಲಿಯೂ ದೊರೆಯದ ಕಾರಣ, ಡಂಕನ್‌ರವರು ತಾವೇ ಚಿತ್ರ ಬರೆದು ಸ್ಥಳೀಯ ಕಲ್ಲುಕುಟಿಗನಿಂದ ಹೊಸ ತೋಳುಗಳನ್ನು ಮಾಡಿಸಿದರು. ಅದರಲ್ಲಿ ಹಳೆಯ ಶಿಲ್ಪಕ್ಕೆ ಹೊಂದದ ಕೆಲವು ಚಿಹ್ನೆಗಳೂ ಸೇರಿಕೊಂಡವು. ತುದಿಯ ಕಲ್ಲನ್ನು ಹಿಂದುಮುಂದಾಗಿ ಕೂರಿಸಿದ್ದಾರೆಂದು ವಿದ್ವಾಂಸರು ಮುಂದೆ ಕಂಡುಹಿಡಿದರು. ಇದು ಮೊದಲಿನಿಂದಲೂ ಶಿಲುಬೆಯೇ ಆಗಿತ್ತೋ, ಮೊದಲು ಕಂಬವಾಗಿದ್ದು ಅನಂತರ ಶಿಲುಬೆಯಾಯಿತೋ ಎಂದು ವಾದಿಸುವವರೂ ಇದ್ದಾರೆ. ಒಮ್ಮೆ ಒಡೆದದ್ದನ್ನು ಎಷ್ಟೇ ಪ್ರೀತಿಯಿಂದ ಜೋಡಿಸಿದರೂ ಇಂತಹ ಗಂಟುಗಳು ಉಳಿಯುತ್ತವೆ. ಇನ್ನೊಂದು ಸಂಗತಿ ಇದೆ. 1843ರಲ್ಲಿ ಸ್ಕಾಟ್ಲೆಂಡಿನ ಸಭೆ ಒಡೆದು ಎರಡಾಯಿತು. ಡಂಕನ್‌ರವರು ಆತ್ಮಸಾಕ್ಷಿಗಾಗಿ ಹೊರಬಂದವರ ಪಕ್ಷವನ್ನು ಸೇರಿದ್ದರಿಂದ, ನಲವತ್ತಕ್ಕೂ ಹೆಚ್ಚು ವರ್ಷ ಬಾಳಿದ ಮನೆಯನ್ನೂ ತೋಟವನ್ನೂ ಶಿಲುಬೆಯನ್ನೂ ಬಿಟ್ಟು ನಡೆಯಬೇಕಾಯಿತು. ಮೂರು ವರ್ಷಗಳ ನಂತರ, 1846ರಲ್ಲಿ, ತೀರಿಕೊಂಡರು. ಶಿಲುಬೆ ತೋಟದಲ್ಲಿಯೇ ನಿಂತಿತ್ತು. ಮುಂದೆ ಆ ದೇವಾಲಯದ ಬೋಧಕರಾಗಿದ್ದ ಜೇಮ್ಸ್ ಮ್ಯಾಕ್‌ಫಾರ್ಲನ್‌ರವರ ಕಾಲದಲ್ಲಿ, 1887ರಲ್ಲಿ, ಅದನ್ನು ಮಳೆಯಿಂದ ರಕ್ಷಿಸಲು ದೇವಾಲಯದೊಳಗೆ ತಂದರು. ಕೆಡವಿದ್ದೂ ಅದೇ ಸಭೆ, ಎತ್ತಿ ನಿಲ್ಲಿಸಿದ್ದೂ ಅದೇ ಸಭೆ ಎಂಬುದನ್ನು ನಾವು ಕ್ಯಾಥೊಲಿಕರು ಮರೆಯಬಾರದು.

ಈಗ ಆ ಅಕ್ಷರಗಳ ಮಾತು. ಡಂಕನ್‌ರವರು ಅವುಗಳನ್ನು ಎಚ್ಚರಿಕೆಯಿಂದ ನಕಲು ಮಾಡಿ ವಿದ್ವಾಂಸರಿಗೆ ಕಳುಹಿಸಿದರು. 1830ರ ದಶಕದಲ್ಲಿ ಐಸ್‌ಲೆಂಡ್ ಮೂಲದ ಇಬ್ಬರು ಪಂಡಿತರು ಓದಲು ಪ್ರಯತ್ನಿಸಿ ಎಡವಿದರು. ಒಬ್ಬರಿಗೆ ಅದು ದಾನಪತ್ರದಂತೆ ತೋರಿತು, ಇನ್ನೊಬ್ಬರಿಗೆ ಮದುವೆಯ ಉಡುಗೊರೆಯ ಲೆಕ್ಕದಂತೆ. 1840ರಲ್ಲಿ ಜಾನ್ ಕೆಂಬಲ್ ಎಂಬ ಇಂಗ್ಲಿಷ್ ವಿದ್ವಾಂಸರು ಅದು ಪ್ರಾಚೀನ ಇಂಗ್ಲಿಷಿನ ಪದ್ಯವೆಂದೂ, ಮಾತನಾಡುತ್ತಿರುವುದು ಸ್ವತಃ ಶಿಲುಬೆಯೆಂದೂ ತೋರಿಸಿಕೊಟ್ಟರು. ಇತ್ತ 1822ರಲ್ಲಿ ಉತ್ತರ ಇಟಲಿಯ ವೆರ್ಚೆಲ್ಲಿ ಎಂಬ ಪಟ್ಟಣದ ಪ್ರಧಾನಾಲಯದ ಗ್ರಂಥಭಂಡಾರದಲ್ಲಿ, ಬ್ಲೂಮೆ ಎಂಬ ಜರ್ಮನ್ ವಿದ್ವಾಂಸರಿಗೆ ಹತ್ತನೆಯ ಶತಮಾನದ ಒಂದು ಹಸ್ತಪ್ರತಿ ದೊರೆತಿತ್ತು. ಇಂಗ್ಲೆಂಡಿನಿಂದ ರೋಮಿಗೆ ಯಾತ್ರೆ ಹೋಗುವವರ ದಾರಿಯಲ್ಲಿರುವ ಊರು ಅದು. ಆ ಹಸ್ತಪ್ರತಿಯಲ್ಲಿ ಒಬ್ಬನ ಕನಸಿನಲ್ಲಿ ಶಿಲುಬೆ ಮಾತನಾಡುವ ದೀರ್ಘ ಕಾವ್ಯವೊಂದಿತ್ತು. ಅದು ಅಚ್ಚಾಗಿ ಕೈಗೆ ಬಂದಾಗ ಕೆಂಬಲ್‌ರವರು ಬೆರಗಾದರು. ರತ್‌ವೆಲ್‌ನ ಕಲ್ಲಿನ ಮೇಲಿದ್ದ ಪಂಕ್ತಿಗಳು ಅದರಲ್ಲಿದ್ದವು! ಕಲ್ಲಿನ ಬರಹ ಆ ಹಸ್ತಪ್ರತಿಗಿಂತ ಎರಡು ಶತಮಾನಗಳಷ್ಟು ಹಳೆಯದು. ಆಂಗ್ಲಭಾಷೆಯ ಅತಿ ಪ್ರಾಚೀನ ಕಾವ್ಯಭಾಗಗಳಲ್ಲಿ ಒಂದು.

ಏನು ಹೇಳುತ್ತದೆ ಆ ಶಿಲುಬೆ? ಕಾವ್ಯವನ್ನು ಓದಲು ಇದು ಸಮಯವಲ್ಲ. ಭಾವವನ್ನು ಮಾತ್ರ ನನ್ನ ಮಾತಿನಲ್ಲಿ ಹೇಳುತ್ತೇನೆ. ಆ ಕಾಲದ ಜನ ಯೋಧರ ವಂಶದವರು. ಒಡೆಯನಿಗಾಗಿ ಪ್ರಾಣಕೊಡುವುದೇ ಅವರಿಗೆ ಪರಮಧರ್ಮ. ನಮ್ಮ ಹಳೆಗನ್ನಡದಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಮಾತುಗಳಿವೆ. ಉಂಡ ಅನ್ನದ ಋಣಕ್ಕಾಗಿ, ಕೊಟ್ಟ ಭಾಷೆಗಾಗಿ ಒಡೆಯನೊಡನೆ ಮಡಿದವರ ವೀರಗಲ್ಲುಗಳು ನಮ್ಮ ಕೆರೆಯ ಏರಿಯ ಮೇಲೂ ಎರಡಿವೆ. ಅಂತಹ ಜನರಿಗೆ ಯೇಸುಸ್ವಾಮಿಯ ಮರಣವನ್ನು ಹೇಗೆ ತಿಳಿಸುವುದು? ಆ ಕವಿ ಶಿಲುಬೆಯನ್ನೇ ಒಬ್ಬ ನಿಷ್ಠಾವಂತ ಸೇವಕನನ್ನಾಗಿ ಮಾಡಿದ. ಕ್ರಿಸ್ತರು ಯುದ್ಧಕ್ಕೆ ಸಿದ್ಧವಾದ ಯುವವೀರನಂತೆ ತಾವಾಗಿಯೇ ಶಿಲುಬೆಯನ್ನೇರುತ್ತಾರೆ. ಶಿಲುಬೆಗೆ ಬಾಗಿಬಿಡಬೇಕೆನಿಸುತ್ತದೆ, ಬೀಳಬೇಕೆನಿಸುತ್ತದೆ, ಸುತ್ತ ನಿಂತ ಶತ್ರುಗಳ ಮೇಲೆ ಉರುಳಿ ಅವರನ್ನು ಅಪ್ಪಳಿಸುವ ಶಕ್ತಿಯೂ ಅದಕ್ಕಿದೆ. ಆದರೆ ಒಡೆಯನ ಅಪ್ಪಣೆ ಇಲ್ಲ. ಅಲುಗಾಡದೆ ನಿಲ್ಲುವುದೇ ಅದಕ್ಕೆ ಸಂದ ಸೇವೆ. ಒಡೆಯನ ರಕ್ತದಲ್ಲಿ ತೋಯ್ದು, ಒಡೆಯನೊಡನೆ ನಿಂದೆಯನ್ನುಂಡು, ತನ್ನ ಒಡೆಯನನ್ನು ಕೊಲ್ಲುವ ಸಾಧನವಾಗಿ ಅದು ನಿಲ್ಲುತ್ತದೆ. ಮಾತೆ ಮರಿಯಮ್ಮನವರ ಬಗ್ಗೆ ಸಾವಿರ ಪ್ರಬೋಧನೆ ಕೇಳಿದ್ದೇವೆ, ಯೊವಾನ್ನರ ಬಗ್ಗೆ ಕೇಳಿದ್ದೇವೆ. ಆ ಮರದ ತೊಲೆಯ ಸಂಕಟವನ್ನು ಯೋಚಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಅದನ್ನು ಯೋಚಿಸಿದ ಕವಿಯ ಹೆಸರೂ ತಿಳಿಯದು.

ನಿಕಲ್ಸನ್‌ರು ಹದಿನೇಳನೆಯ ಶತಮಾನದಲ್ಲಿಯೂ, ಬೇರೆ ಕೆಲವರು ಹದಿನೆಂಟನೆಯ ಶತಮಾನದಲ್ಲಿಯೂ ಮಾಡಿದ ನಕಲುಗಳಲ್ಲಿರುವ ಕೆಲವು ಅಕ್ಷರಗಳು ಇಂದು ಕಲ್ಲಿನ ಮೇಲಿಲ್ಲ, ಸವೆದುಹೋಗಿವೆ. ಅರ್ಥ ತಿಳಿಯದಿದ್ದರೂ ಬರೆದುಕೊಂಡರಲ್ಲ, ಅದರಿಂದಲೇ ಉಳಿದವು. ನಮ್ಮ ನಾಡಿನಲ್ಲಿಯೂ ಇಂತಹ ಪುಣ್ಯಾತ್ಮರಿದ್ದರು. ಬೆಂಗಳೂರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಬಿ.ಎಲ್. ರೈಸ್‌ರವರು ಹಳ್ಳಿಹಳ್ಳಿಗಳ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದರು. ಹಾಸನ ಜಿಲ್ಲೆಯ ಹಲ್ಮಿಡಿಯ ಕಲ್ಲು, 1936ರಲ್ಲಿ ಡಾಕ್ಟರ್ ಎಂ.ಎಚ್. ಕೃಷ್ಣರವರು ಗುರುತಿಸುವವರೆಗೆ ಎಲ್ಲ ಕಲ್ಲುಗಳಂತೆ ಒಂದು ಕಲ್ಲಾಗಿತ್ತು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಅದೊಂದೆಂದು ಅದರ ಪಕ್ಕದಲ್ಲಿ ದನ ಕಟ್ಟುತ್ತಿದ್ದವರಿಗೆ ಹೇಗೆ ಗೊತ್ತಾಗಬೇಕು?

ಪ್ರಿಯರೇ, ಈಗ ನಾನು ನಿಮ್ಮ ಮುಂದೆ ಒಂದು ಪಾಪನಿವೇದನೆ ಮಾಡಬೇಕು. ಗುರುವಾದವನು ಕೇಳುವುದೇ ರೂಢಿ, ಇಂದು ಹೇಳುತ್ತೇನೆ. ಸುಮಾರು ಮೂವತ್ತೈದು ವರ್ಷಗಳ ಹಿಂದೆ, ಗುರುದೀಕ್ಷೆ ಪಡೆದ ಹೊಸತರಲ್ಲಿ, ನನ್ನನ್ನು ಒಂದು ಹಳ್ಳಿಯ ಧರ್ಮಕೇಂದ್ರಕ್ಕೆ ಕಳುಹಿಸಿದರು. ಊರಿನ ಹೆಸರು ಬೇಡ. ದೇವಾಲಯದ ಮುಂದೆ, ಬಾಗಿಲಿಗೆ ನೇರವಾಗಿ ಅಲ್ಲದೆ ಸ್ವಲ್ಪ ವಾರೆಯಾಗಿ, ಒಂದು ಗಿಡ್ಡ ಕಲ್ಲುಶಿಲುಬೆ ಇತ್ತು. ವರ್ಷವರ್ಷವೂ ಸುಣ್ಣ ಬಳಿದು ಬಳಿದು ಅದರ ಅಂಚುಗಳೆಲ್ಲ ಉರುಟಾಗಿದ್ದವು. ಪೀಠದ ಮೇಲೆ ಎರಡು ಸಾಲು ಅಕ್ಷರವಿದ್ದಂತೆ ಕಾಣುತ್ತಿತ್ತು. ಅದನ್ನು ಕೆರೆದು ನೋಡೋಣವೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ವಾರೆ ಮಾತ್ರ. ಅಂಗಳಕ್ಕೆ ಕಾಂಕ್ರೀಟು ಹಾಕಿಸುವಾಗ ಮೇಸ್ತ್ರಿ ಬಂದು, “ಸ್ವಾಮಿ, ಇದು ಅಡ್ಡ ಬರ್ತದೆ” ಎಂದ. “ತೆಗೆದುಬಿಡು, ಮಾರ್ಬಲ್ಲಿಂದು ಹೊಸದು ಮಾಡಿಸೋಣ” ಎಂದೆ. ಹಾರೆ ಹಾಕುವಾಗ ಅದು ಮೂರು ತುಂಡಾಯಿತು. ತುಂಡುಗಳು ಕಾಂಪೌಂಡು ಗೋಡೆಯ ಪಾಯಕ್ಕೆ ಹೋದವು. ಆ ದಿನ ನಾನು ನೆಮ್ಮದಿಯಿಂದ ಊಟಮಾಡಿ ಮಲಗಿದೆ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಎಂಬತ್ತು ದಾಟಿದ ಒಬ್ಬ ತಾಯಿ ಬಂದರು. ಕೈಯಲ್ಲಿ ಎಣ್ಣೆಯ ಸಣ್ಣ ಸೀಸೆ. ಪ್ರತಿ ಭಾನುವಾರವೂ ಆ ಕಲ್ಲಿನ ಬುಡದಲ್ಲಿ ದೀಪ ಹಚ್ಚುವುದು ಅವರ ವಾಡಿಕೆಯಂತೆ, ನಾನು ಗಮನಿಸಿರಲಿಲ್ಲ. “ಸ್ವಾಮಿ, ನಮ್ಮ ಶಿಲುಬೆ ಎಲ್ಲಿ?” ಎಂದು ಕೇಳಿದರು. “ಅಮ್ಮಾ, ಹೊಸದು ಬರ್ತದೆ, ದೊಡ್ಡದು, ಬೆಳ್ಳಗಿರೋದು” ಎಂದೆ. “ಹೊಸದು ಬರಲಿ ಸ್ವಾಮಿ. ಪ್ಲೇಗಿನಲ್ಲಿ ನಮ್ಮ ತಾತ ಊರಿಗೆ ಊರೇ ಬಿಟ್ಟು ಹೋದಾಗ, ವಾಪಸು ಬಂದವರು ನಾಕೇ ಮನೆಯವರು. ಆ ನಾಕು ಮನೆಯವರು ನಿಲ್ಲಿಸಿದ ಕಲ್ಲು ಅದು. ಅದರಲ್ಲಿ ಅವರ ಹೆಸರಿತ್ತು” ಎಂದರು. ಅವರು ಅಳಲಿಲ್ಲ; ಬೈಯಲೂ ಇಲ್ಲ. ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದರು. ಆ ನಾಲ್ಕು ಹೆಸರುಗಳು ಇಂದು ಯಾರಿಗೂ ತಿಳಿಯವು. 1642ರಲ್ಲಿ ರತ್‌ವೆಲ್‌ನಲ್ಲಿ ಒಡೆದವರಿಗೆ ಒಂದು ಸಿದ್ಧಾಂತವಾದರೂ ಇತ್ತು. ನನಗೆ ಇದ್ದದ್ದು ಆರು ಮೂಟೆ ಸಿಮೆಂಟು. ರತ್‌ವೆಲ್‌ನ ಶಿಲುಬೆಯ ಮುಂದೆ ನಾನು ನಿಂತುಬಿಟ್ಟೆನೆಂದು ಆಗಲೇ ಹೇಳಿದೆನಲ್ಲ, ಆ ತಾಯಿಯ ಸೀಸೆಯೇ ನನ್ನ ಕಣ್ಣ ಮುಂದಿತ್ತು.

ಇನ್ನು ನಮ್ಮ ಊರಿನ ಕಲ್ಲಿನ ವಿಷಯ. ಶತಮಾನೋತ್ಸವದ ಅಂಗವಾಗಿ ಹೊಸ ಮಹಾದ್ವಾರವನ್ನು ಕಟ್ಟಬೇಕೆಂದೂ, ಅಂಗಳಕ್ಕೆ ಕಲ್ಲುಹಾಸು ಹಾಕಿಸಬೇಕೆಂದೂ, ಹುಣಸೆಮರದ ಕೆಳಗಿನ ಹಳೆಯ ಶಿಲುಬೆಯನ್ನು ಹಿಂದಿನ ಸ್ಮಶಾನಕ್ಕೆ ಸಾಗಿಸಬೇಕೆಂದೂ ಒಂದು ಸೂಚನೆ ಬಂದಿದೆ. ಮುಂದಿನ ಭಾನುವಾರದ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ದಾನಿಗಳು ಉದಾರ ಮನಸ್ಸಿನವರು. ಅವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ದ್ವಾರವೂ ಬೇಕು, ಮಳೆಗಾಲದಲ್ಲಿ ಕೆಸರು ತುಳಿದು ಬರುವ ತಾಯಂದಿರಿಗೆ ಕಲ್ಲುಹಾಸು ಖಂಡಿತವಾಗಿಯೂ ಬೇಕು. ಆದರೆ ದ್ವಾರವನ್ನು ಹನ್ನೆರಡು ಅಡಿ ಪೂರ್ವಕ್ಕೆ ಸರಿಸಿದರೆ ಶಿಲುಬೆ ಅಲುಗಾಡಬೇಕಾಗಿಲ್ಲ ಎಂದು ಇಂಜಿನಿಯರ್ ಹೇಳಿದ್ದಾರೆ. ನಾನೇ ಟೇಪು ಹಿಡಿದು ಅಳೆದು ನೋಡಿದ್ದೇನೆ. ಬಿವ್‌ಕಾಸಲ್ ಎಂಬಲ್ಲಿ, ರತ್‌ವೆಲ್‌ನ ಶಿಲುಬೆಗೆ ಸೋದರಿಯಂತಿರುವ ಇನ್ನೊಂದು ಪುರಾತನ ಶಿಲುಬೆ ಇದೆ. ಅದರ ತಲೆಯ ಭಾಗ ಎಂದೋ ಹೋಗಿದೆ. ಆದರೂ ಮೊದಲು ನಟ್ಟ ದೇವಾಲಯದ ಅಂಗಳದಲ್ಲೇ, ಗಾಳಿಮಳೆಗೆ ಮೈಯೊಡ್ಡಿ, ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ನಿಂತಿದೆ. ಅಡ್ಡ ಬಂದರೆ ಜನ ಸುತ್ತಿಕೊಂಡು ಹೋಗುತ್ತಾರೆ. ಸಭೆಯಲ್ಲಿ ನನ್ನ ಮತ ಯಾವ ಕಡೆಗೆಂಬುದನ್ನು ಮುಚ್ಚಿಡುವುದಿಲ್ಲ. ತೀರ್ಮಾನ ನಿಮ್ಮದು.

ತೀರ್ಮಾನಕ್ಕೆ ಮುಂಚೆ ಒಂದು ಕೆಲಸವಾಗಬೇಕು. ನಮ್ಮ ಶಿಲುಬೆಯ ಪೀಠದ ಪಶ್ಚಿಮದ ಮಗ್ಗುಲಲ್ಲಿ, ಸುಣ್ಣದ ಪದರದ ಕೆಳಗೆ, ಬೆರಳಿಗೆ ಸಿಗುವ ಗೀರುಗಳಿವೆ. ಅಕ್ಷರವೋ ಬರಿಯ ಉಳಿಯ ಗುರುತೋ ನಾನು ಹೇಳಲಾರೆ. ಹಗಲು ಬೆಳಕಿನಲ್ಲಿ ಏನೂ ಕಾಣದು; ಕತ್ತಲೆಯಲ್ಲಿ ದೀಪವನ್ನು ಪಕ್ಕದಿಂದ ವಾರೆಯಾಗಿ ಹಿಡಿದರೆ ಸಣ್ಣ ಗೀರೂ ನೆರಳು ಚೆಲ್ಲಿ ಎದ್ದುಕಾಣುತ್ತದೆ. ಶಾಸನ ಓದುವವರು ಅನುಸರಿಸುವ ಉಪಾಯ ಇದು. ಆದ್ದರಿಂದ ಈ ಶನಿವಾರ, ಜಪಸರ ಮುಗಿದ ಮೇಲೆ, ಏಳೂವರೆ ಗಂಟೆಗೆ ಹುಣಸೆಮರದ ಕೆಳಗೆ ಸೇರೋಣ. ಯುವಕರು ಟಾರ್ಚು ತನ್ನಿ. ಸುಣ್ಣವನ್ನು ನೀರು ಹಾಕಿ ನೆನೆಸಿ ಬಟ್ಟೆಯಿಂದ ಮೆಲ್ಲಗೆ ಒರಸಬೇಕು. ಕಬ್ಬಿಣದ ಬ್ರಷ್ಷನ್ನು ಮಾತ್ರ ಯಾರೂ ತರಬೇಡಿ. ಉಪದೇಶಿಗಳ ಮಗಳು ಚಿತ್ರ ಚೆನ್ನಾಗಿ ಬರೆಯುತ್ತಾಳೆ. ಅರ್ಥವಾಗಲಿ ಬಿಡಲಿ, ಕಂಡದ್ದನ್ನು ಕಂಡಂತೆ ಅವಳು ಬರೆದುಕೊಳ್ಳಲಿ. ಇನ್ನು ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ, ಆ ಕಲ್ಲನ್ನು ಯಾರು ನಿಲ್ಲಿಸಿದರೆಂದು ಇಂದು ರಾತ್ರಿಯೇ ಕೇಳಿ ನೋಡಿ. ನಾನು ಕೇಳದೆ ಹೋದೆ.